ವೈರ್‌ಲೆಸ್ ಸೆನ್ಸರ್ ಜಾಲ: ಬ್ಯಾಟರಿಯೂ ಉಳಿಯಬೇಕು, ಸಂದೇಶವೂ ಭದ್ರವಾಗಿರಬೇಕು

ಗಲ್ಫ್‌ನ ತೈಲ, ಅನಿಲ ಘಟಕಗಳಲ್ಲಿ ದುಡಿಯುವವರಿಗೆ ಎಚ್‌ಟುಎಸ್ ಎಂಬ ಹೆಸರು ಹೊಸದೇನಲ್ಲ. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಇದು. ಗಾಳಿಯಲ್ಲಿ ಇದರ ಪ್ರಮಾಣ ಸುಮಾರು 100 ಪಿಪಿಎಂ ತಲುಪಿದರೆ ಕೆಲವೇ ನಿಮಿಷಗಳಲ್ಲಿ ಮೂಗಿಗೆ ವಾಸನೆಯೇ ಗೊತ್ತಾಗದು. ಹಾಗಾಗಿ ಮೂಗನ್ನು ನಂಬುವಂತಿಲ್ಲ, ಸೆನ್ಸರನ್ನೇ ನಂಬಬೇಕು. ಕೇಬಲ್ ಎಳೆಯುವುದು ಕಷ್ಟವಾದ ಕಡೆ ಬ್ಯಾಟರಿ ಮೇಲೆ ನಡೆಯುವ ವೈರ್‌ಲೆಸ್ ಸೆನ್ಸರ್‌ಗಳನ್ನು ಕೂರಿಸುತ್ತಾರೆ.

ಬ್ಯಾಟರಿ ಉಳಿಸುವುದು ಹೇಗೆ?
ಸೆನ್ಸರ್‌ನಲ್ಲಿ ಲೆಕ್ಕ ಮಾಡುವುದಕ್ಕಿಂತ ರೇಡಿಯೋದಲ್ಲಿ ಕಳುಹಿಸುವುದಕ್ಕೇ ಹೆಚ್ಚು ವಿದ್ಯುತ್ ಬೇಕು. 2000ರಲ್ಲಿ ಅಮೆರಿಕದ ಎಂಐಟಿಯ ವೆಂಡಿ ಹೈನ್ಸೆಲ್‌ಮನ್, ಅನಂತ ಚಂದ್ರಕಾಸನ್ ಮತ್ತು ಹರಿ ಬಾಲಕೃಷ್ಣನ್ ‘ಲೀಚ್’ ಎಂಬ ವಿಧಾನ ಮಂಡಿಸಿದರು. ಸೆನ್ಸರ್‌ಗಳು ಗುಂಪು ಕಟ್ಟಿಕೊಳ್ಳುತ್ತವೆ. ಗುಂಪಿನ ಮುಖ್ಯಸ್ಥ ಎಲ್ಲರ ಮಾಹಿತಿ ಒಟ್ಟುಗೂಡಿಸಿ, ಕಿರಿದು ಮಾಡಿ, ಮುಖ್ಯ ಕೇಂದ್ರಕ್ಕೆ ಕಳುಹಿಸುತ್ತದೆ. ಶಿಫ್ಟ್ ಡ್ಯೂಟಿಯಂತೆ ಮುಖ್ಯಸ್ಥನ ಸ್ಥಾನ ಬದಲಾಗುತ್ತಲೇ ಇರುವುದರಿಂದ ಒಂದೇ ಸೆನ್ಸರ್‌ನ ಬ್ಯಾಟರಿ ಬೇಗ ಖಾಲಿಯಾಗುವುದಿಲ್ಲ.

ಭದ್ರತೆ ಏಕೆ?
ರೇಡಿಯೋ ಸಂದೇಶವನ್ನು ಹತ್ತಿರವಿರುವ ಯಾರಾದರೂ ಕೇಳಬಹುದು, ಸುಳ್ಳು ಸಂದೇಶವನ್ನೂ ಸೇರಿಸಬಹುದು. ‘ಎಲ್ಲ ಸರಿಯಿದೆ’ ಎಂಬ ನಿನ್ನೆಯ ಸಂದೇಶವನ್ನೇ ಇವತ್ತು ಮತ್ತೆ ಬಿಟ್ಟರೆ ಸೋರಿಕೆ ಗೊತ್ತಾಗುವುದೇ ಇಲ್ಲ. ಆದರೆ ಅಂದಿನ ಮೈಕಾ2 ಸೆನ್ಸರ್‌ನ ರ‍್ಯಾಮ್ ಬರೀ 4 ಕೆಬಿ. ಅದಕ್ಕೆ ಭಾರೀ ಗೂಢಲಿಪಿ ಹೊರಿಸುವಂತಿರಲಿಲ್ಲ. 2004ರಲ್ಲಿ ಬರ್ಕ್ಲಿಯಲ್ಲಿ ರೂಪುಗೊಂಡ ‘ಟೈನಿಸೆಕ್’, ಸುಮಾರು ಶೇ. 10ರಷ್ಟು ಹೆಚ್ಚುವರಿ ವಿದ್ಯುತ್‌ನಲ್ಲೇ ಸಂದೇಶಕ್ಕೆ ಬೀಗ ಹಾಕಿ, ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಬಹುದು ಎಂದು ತೋರಿಸಿತು. ಹಳೆಯ ಸಂದೇಶ ಮರುಕಳಿಸುವುದನ್ನು ತಡೆಯುವ ಕೆಲಸವನ್ನು ಮಾತ್ರ ಅದು ಮೇಲಿನ ಹಂತಕ್ಕೆ ಬಿಟ್ಟಿತ್ತು.

ಇನ್ನು ಒಂದು ಸೆನ್ಸರನ್ನೇ ಕದ್ದೊಯ್ದರೆ? ಎಲ್ಲದಕ್ಕೂ ಒಂದೇ ಕೀಲಿ ಇದ್ದರೆ ಇಡೀ ಜಾಲವೇ ಹೋದಂತೆ. ಇದಕ್ಕೆ 2002ರಲ್ಲಿ ಎಶೆನೌರ್ ಮತ್ತು ಗ್ಲಿಗೋರ್ ದಾರಿ ತೋರಿಸಿದರು. ದೊಡ್ಡ ಕೀಲಿ ರಾಶಿಯಿಂದ ಪ್ರತಿ ಸೆನ್ಸರ್‌ಗೂ ಕೆಲವನ್ನು ಮಾತ್ರ ಹಂಚುವುದು. ಅಕ್ಕಪಕ್ಕದವು ತಮ್ಮಲ್ಲಿ ಹೊಂದುವ ಕೀಲಿಯಿಂದ ಮಾತಾಡುವುದು. ಒಂದು ಕಳವಾದರೆ ಅದರಲ್ಲಿದ್ದ ಕೀಲಿಗಳಷ್ಟೇ ಬಯಲಾಗುತ್ತವೆ.

ಘಟಕಗಳಲ್ಲಿ ಇಂದು
2007ರಲ್ಲಿ ಬಂದ ‘ವೈರ್‌ಲೆಸ್ ಹಾರ್ಟ್’ ಮಾನದಂಡ ಇವೆರಡನ್ನೂ ಒಟ್ಟಿಗೆ ನಿಭಾಯಿಸುತ್ತದೆ. ಪ್ರತಿ ಸೆನ್ಸರ್‌ಗೂ 10 ಮಿಲಿಸೆಕೆಂಡಿನ ಸರದಿ ನಿಗದಿ. ಸರದಿ ಇಲ್ಲದಾಗ ರೇಡಿಯೋಗೆ ನಿದ್ದೆ. ಸಂದೇಶಕ್ಕೆ 128 ಬಿಟ್‌ನ ಎಇಎಸ್ ಬೀಗ. ಕ್ರಮಸಂಖ್ಯೆ ನೋಡಿ ಹಳೆಯ ಸಂದೇಶವನ್ನು ತಿರಸ್ಕರಿಸುತ್ತದೆ. ಒಂದು ದಾರಿ ಕಟ್ಟಾದರೆ ಪಕ್ಕದ ಸೆನ್ಸರ್ ಮೂಲಕ ಸುದ್ದಿ ಸಾಗುತ್ತದೆ.

ಆದರೂ ಜೋರಾದ ಜಾಮಿಂಗ್‌ಗೆ ಯಾವ ಬೀಗವೂ ಪೂರ್ತಿ ಉತ್ತರವಲ್ಲ. ಆದ್ದರಿಂದ ಸೆನ್ಸರ್‌ನಿಂದ ಸುದ್ದಿ ನಿಂತರೆ ಅದನ್ನು ‘ಎಲ್ಲ ಸರಿಯಿದೆ’ ಎಂದು ತಿಳಿಯದೆ, ಅಪಾಯದ ಸೂಚನೆ ಎಂದೇ ಪರಿಗಣಿಸಬೇಕು. ಜಾಲ ಎಷ್ಟೇ ಚೆನ್ನಾಗಿದ್ದರೂ ಎದೆಗೆ ಸಿಕ್ಕಿಸಿಕೊಳ್ಳುವ ಗ್ಯಾಸ್ ಮೀಟರ್ ಬಿಟ್ಟು ಒಳಗೆ ಹೋಗುವಂತಿಲ್ಲ.