ಬುರಣಾಪುರದ ರನ್‌ವೇ

ವಿಜಯಪುರದಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರು ಹೋದರೆ ತೊರವಿ ಸಿಗುತ್ತದೆ. ನರಸಿಂಹನ ಗುಡಿಗೂ ಕುಮಾರ ವಾಲ್ಮೀಕಿಯ ರಾಮಾಯಣಕ್ಕೂ ಹೆಸರಾದ ಈ ಊರಿನ ಬಳಿ 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ನವರಸಪುರವೆಂಬ ಹೊಸ ನಗರವನ್ನು ಕಟ್ಟಿಸತೊಡಗಿದ. ಅದು ಪೂರ್ಣಗೊಳ್ಳುವ ಮುನ್ನವೇ 1624ರಲ್ಲಿ ಮಲಿಕ್ ಅಂಬರನ ಸೇನೆ ಹಾಳುಗೆಡವಿತು. ಸಂಗೀತ ಮಹಲಿನ ಕಮಾನುಗಳನ್ನು ನೀವು ಅಲ್ಲಿ ಕಾಣಬಹುದು. ಶಹರದೊಳಗಿನ ಬಾರಾ ಕಮಾನವೂ ಅರ್ಧಕ್ಕೇ ನಿಂತ ಕಟ್ಟಡ. ದೊಡ್ಡ ಕೆಲಸಗಳು ನಡುವೆ ನಿಲ್ಲುವುದು ಈ ಸೀಮೆಗೆ ಹೊಸದಲ್ಲ.

ಆದರೆ ರೈಲು ಹಾಗಾಗಲಿಲ್ಲ. 1876-78ರ ಭೀಕರ ಬರಗಾಲದ ತರುವಾಯ ಹೋಟಗಿ–ಗದಗ ಮಾರ್ಗವನ್ನು ಹಾಕಲಾಯಿತು. 1884ರ ಸುಮಾರಿಗೆ ಬಿಜಾಪುರಕ್ಕೆ ಗಾಡಿ ಬಂದಿತು. ಮರುವರ್ಷ ಜಿಲ್ಲಾ ಕೇಂದ್ರವೂ ಕಲಾದಗಿಯಿಂದ ಇಲ್ಲಿಗೆ ಬಂದಿತು. ಧಾನ್ಯ ಸಾಗಿಸಬೇಕಾದ ಅಗತ್ಯ ಎದುರಿಗಿತ್ತು, ಹಳಿ ಬಿದ್ದಿತು.

ವಿಮಾನದ ಮಾತು ಬೇರೆ. ಬೆಳಗಾವಿಯ ಸಾಂಬ್ರಾ ನಿಲ್ದಾಣ 1942ರಲ್ಲಿ ಮಹಾಯುದ್ಧದ ಅಗತ್ಯಕ್ಕಾಗಿ ಹುಟ್ಟಿದ್ದು. ಮಂಗಳೂರಿನ ಬಜಪೆ 1951ರಲ್ಲಿ ತೆರೆಯಿತು. ಬಿಜಾಪುರದವರು ಮಾತ್ರ ವಿಮಾನ ಹತ್ತಬೇಕಾದರೆ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬೇಕಾಗಿತ್ತು. ಬೆಂಗಳೂರು ಐನೂರು ಕಿಲೋಮೀಟರಿಗೂ ದೂರ. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತವರಿಗೆ ಇದು ಎಷ್ಟು ದೂರವೆಂದು ಹೇಳಬೇಕಾಗಿಲ್ಲ.

2010ರಲ್ಲಿ ರಾಜ್ಯ ಸರ್ಕಾರ ಖಾಸಗಿ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡಿತು. ಕೆಲಸ ಮುಂದೆ ಸಾಗಲಿಲ್ಲ. ನಗರದ ಹೊರವಲಯದ ಬುರಣಾಪುರ–ಮದಭಾವಿ ಬಳಿ ಸುಮಾರು 727 ಎಕರೆ ಭೂಮಿ ಮಾತ್ರ ಇದಕ್ಕೆಂದೇ ಉಳಿಯಿತು. 2021ರಲ್ಲಿ ಸರ್ಕಾರ ತಾನೇ ಕಾಮಗಾರಿ ಆರಂಭಿಸಿತು. ಮೊದಲ ಲೆಕ್ಕಾಚಾರ ಎಪ್ಪತ್ತು ಆಸನಗಳ ಎಟಿಆರ್–72ಕ್ಕೆ. ಅನಂತರ ನೂರೆಂಬತ್ತರಷ್ಟು ಜನರನ್ನು ಹೊರುವ ಏರ್‌ಬಸ್–320ಕ್ಕೆ ಬದಲಾಯಿತು. ವಿಮಾನ ದೊಡ್ಡದಾದರೆ ರನ್‌ವೇ ಉದ್ದವಾಗಬೇಕು, ಖರ್ಚೂ ಬೆಳೆಯುತ್ತದೆ. ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ವಿಮಾನದಲ್ಲಿ ಹೋಗುತ್ತದೆಂಬ ಮಾತನ್ನು ನೀವೂ ಕೇಳಿರಬಹುದು. ಒಣದ್ರಾಕ್ಷಿಗೆ ಅಂಥ ಅವಸರವೇನೂ ಇಲ್ಲ, ಲಾರಿ ಸಾಕು. ವೈದ್ಯಕೀಯ ತುರ್ತು, ಗೋಳಗುಮ್ಮಟ ನೋಡಬರುವ ಪ್ರವಾಸಿಗರು, ಇವೇ ಬಲವಾದ ಕಾರಣಗಳೆಂದು ನನಗನ್ನಿಸುತ್ತದೆ.

ಅಷ್ಟರಲ್ಲಿ ಕಾನೂನಿನ ತೊಡಕು ಎದುರಾಯಿತು. 2006ರ ಕೇಂದ್ರ ಅಧಿಸೂಚನೆಯ ಪ್ರಕಾರ ವಿಮಾನ ನಿಲ್ದಾಣಕ್ಕೆ ಪರಿಸರ ಅನುಮತಿಯನ್ನು ಕೆಲಸ ಹಿಡಿಯುವ ಮೊದಲೇ ಪಡೆಯಬೇಕು. ಇಲ್ಲಿ ಕಟ್ಟಡ ಮುಂದಾಯಿತು, ಅನುಮತಿ ಹಿಂದುಳಿಯಿತು. ಕೆಲಸವಾದ ಮೇಲೆ ಅನುಮತಿ ಕೊಡುವುದು ಸಲ್ಲದೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಬೇರೊಂದು ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಅದೇ ನವೆಂಬರಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇಬ್ಬರ ಬಹುಮತದಿಂದ ಆ ತೀರ್ಪನ್ನು ಹಿಂದಕ್ಕೆ ಪಡೆಯಿತು. ಇದನ್ನು ಬರೀ ಕಾಗದಪತ್ರದ ಜಗಳವೆನ್ನಲಾಗದು. ನೀರು ಎತ್ತ ಹರಿಯುತ್ತದೆ, ಸದ್ದು ಯಾರ ಮನೆಗೆ ಬೀಳುತ್ತದೆ ಎಂಬುದನ್ನು ಡಾಂಬರು ಬೀಳುವ ಮೊದಲು ಕೇಳಿದರಷ್ಟೇ ಉತ್ತರಕ್ಕೆ ಬೆಲೆ.

ತಡವಾದದ್ದು ವಿಜಯಪುರವೊಂದೇ ಅಲ್ಲ. ಕಲಬುರಗಿಯಲ್ಲಿ 2008ರಲ್ಲಿ ಶಂಕುಸ್ಥಾಪನೆ, 2019ರಲ್ಲಿ ಹಾರಾಟ. ಶಿವಮೊಗ್ಗದಲ್ಲಿ ಅದೇ 2008ರಲ್ಲಿ ಅಡಿಗಲ್ಲು, ಉದ್ಘಾಟನೆ 2023ರ ಫೆಬ್ರವರಿಯಲ್ಲಿ. ಬುರಣಾಪುರದ 727 ಎಕರೆಯಲ್ಲಿ ಜೋಳದ ಬೆಳೆ ನಿಂತ ಮೇಲೂ ಬಹುಕಾಲ ವಿಮಾನ ಇಳಿಯಲಿಲ್ಲ.