ಬೇಟೆಗಾರರ ಪಟ್ಟಿ ಹಿಡಿದ ಪ್ರವಾಸಿಗರು

ಆಫ್ರಿಕಾದ ಸಫಾರಿಗೆ ಹೊರಟವರು ಮೊದಲು ವಿಚಾರಿಸುವುದು 'ಬಿಗ್ ಫೈವ್' ಎಲ್ಲಿ ಸಿಗುತ್ತವೆ ಎಂದು. ಸಿಂಹ, ಚಿರತೆ, ಆನೆ, ಖಡ್ಗಮೃಗ, ಕಾಡೆಮ್ಮೆ. ಇದು ಚೆಲುವಿನ ಪಟ್ಟಿಯಲ್ಲ, ಗಾತ್ರದ್ದೂ ಅಲ್ಲ. ಜಿರಾಫೆಗೆ, ನೀರಾನೆಗೆ ಇಲ್ಲಿ ಜಾಗವಿಲ್ಲ. ಕಾಲ್ನಡಿಗೆಯಲ್ಲಿ ಬೆನ್ನಟ್ಟಿದರೆ ತಿರುಗಿಬಿದ್ದು ಕೊಲ್ಲಬಲ್ಲ ಪ್ರಾಣಿಗಳೆಂದು ಬಿಳಿಯ ಶಿಕಾರಿಗಳು ಹಾಕಿಕೊಂಡ ಲೆಕ್ಕವಿದು.

ಸ್ವಾಹಿಲಿಯಲ್ಲಿ 'ಸಫಾರಿ' ಎಂದರೆ ಪ್ರಯಾಣ, ಅಷ್ಟೇ. ಅದಕ್ಕೆ ಬಂದೂಕಿನ ನಂಟು ಬೆಸೆದವರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಪ್ರಮುಖರು. 1909ರಲ್ಲಿ ಮೊಂಬಾಸಾದಲ್ಲಿ ಬಂದಿಳಿದ ಅವರು ಮತ್ತು ಪುತ್ರ ಕೆರ್ಮಿಟ್ ಹೊಡೆದುರುಳಿಸಿದ ಪ್ರಾಣಿಗಳು 512. ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹಕ್ಕಾಗಿ ಎಂಬುದು ಸಮಜಾಯಿಷಿ!

ಕೀನ್ಯಾ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂತು, ಪಟ್ಟಿ ಹಾಗೆಯೇ ಉಳಿಯಿತು. ಕಳ್ಳಬೇಟೆಯೂ ನಿಲ್ಲಲಿಲ್ಲ. 1970ರ ಸುಮಾರಿಗೆ ಅಲ್ಲಿ 20 ಸಾವಿರದಷ್ಟಿದ್ದ ಕಪ್ಪು ಖಡ್ಗಮೃಗಗಳು ಎಂಬತ್ತರ ದಶಕದ ಕೊನೆಗೆ ಕೆಲವೇ ನೂರಕ್ಕೆ ಇಳಿದಿದ್ದವು.

ಪಟ್ಟಿ ಬದಿಗಿಟ್ಟರೆ ಪ್ರವಾಸದ ದಾರಿಯೇ ಬೇರೆ. ಲಕ್ಷಗಟ್ಟಲೆ ವಿಲ್ಡೆಬೀಸ್ಟ್‌ಗಳು ಮರಿ ಹಾಕುವುದನ್ನು ನೋಡಲು ಫೆಬ್ರವರಿಯಲ್ಲಿ ಸೆರೆಂಗೆಟಿಯ ದಕ್ಷಿಣ ಬಯಲಿಗೆ ಹೋಗಬೇಕು. ಅವು ಮಾರಾ ನದಿ ದಾಟುವುದನ್ನು ಕಾಣಲು ಜುಲೈ ನಂತರ ಉತ್ತರಕ್ಕೆ. ಬೆಟ್ಟದ ಗೊರಿಲ್ಲಾ ಬೇಕೆಂದವರಿಗೆ ರುವಾಂಡಾ, ಉಗಾಂಡಾ ಅಥವಾ ಕಾಂಗೋ. ಕಾಡುನಾಯಿ ಹುಡುಕುವವರು ಬೋಟ್ಸ್ವಾನಾದ ಒಕವಾಂಗೊಗೆ ಹೋಗುವುದು ಲೇಸು, ಅದೂ ಅವು ಮರಿಗಳ ಬಿಲ ಬಿಟ್ಟು ದೂರ ಹೋಗದ ಜೂನ್, ಜುಲೈ ತಿಂಗಳಲ್ಲಿ.