ಒಂದು ತುಳಿತಕ್ಕೆ ಎರಡು ಸದ್ದು

ಗಣೇಶನ ಹಬ್ಬದ ದಿನಗಳಲ್ಲಿ ಆರ್ಕೆಸ್ಟ್ರಾ ವರದಿಗೆ ಹೋದರೆ ನಾವು ಕೂರುವುದು ವೇದಿಕೆಯ ಪಕ್ಕ, ರಿದಂ ನುಡಿಸುವವರ ಹಿಂದೆ. ಕಳೆದ ವರ್ಷ ಹಾಗೆ ಕೂತಿದ್ದಾಗ ಒಂದು ಜಗಳ ಕಂಡೆವು. ಹುಡುಗ ಕಿಕ್ ಪೆಡಲನ್ನು ಒಮ್ಮೆ ತುಳಿದರೆ ಸ್ಪೀಕರಿನಲ್ಲಿ ‘ಧಬ್‌ಧಬ್’ ಎಂದು ಎರಡು ಸಲ ಕೇಳುತ್ತಿತ್ತು. ಗಾಯಕರು ಮೈಕಿಗೆ ಕೈ ಅಡ್ಡ ಹಿಡಿದು, “ಕಾಲು ನೆಟ್ಟಗಿಟ್ಕೊಂಡು ನುಡಿಸೋ” ಎಂದರು. “ಅಣ್ಣಾ, ನಾನು ಒಂದೇ ಸಲ ತುಳೀತಿರೋದು” ಎಂದ. ಯಾರೂ ನಂಬಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಕೀಬೋರ್ಡಿನವರು ನಕ್ಕರು. ಮುಂದಿನ ಕಾರ್ಯಕ್ರಮಕ್ಕೆ ಬೇರೆಯವನನ್ನು ಕರೆದರು. ಹುಡುಗನಿಗೆ ಆ ರಾತ್ರಿಯ ಸಂಭಾವನೆಯೂ ಹೋಯಿತು, ‘ತಾಳ ತಪ್ಪುತ್ತಾನೆ’ ಎಂಬ ಹೆಸರೂ ಬಂತು.

ಅವನು ಹೇಳಿದ್ದು ನಿಜವಾಗಿತ್ತು. ಆ ಎರಡನೇ ಸದ್ದಿನ ಹಿಂದೆ ನೂರು ವರ್ಷ ಮೀರಿದ ಕಥೆಯಿದೆ.

ದೊಡ್ಡ ಡ್ರಮ್ಮನ್ನು ಕಾಲಿನಿಂದ ಬಾರಿಸುವ ಸಾಧನಗಳು ಮೊದಲೂ ಇದ್ದವು, ಆದರೆ ವೇಗದ ಹಾಡಿಗೆ ಅವು ಸಾಲುತ್ತಿರಲಿಲ್ಲ. 1909ರಲ್ಲಿ ಅಮೆರಿಕದ ಶಿಕಾಗೊದಲ್ಲಿ ವಿಲಿಯಂ ಲುಡ್ವಿಗ್ ಬೇಗ ಹಿಂದಿರುಗುವ ಪೆಡಲ್ ಮಾಡಿ ಮಾರಾಟಕ್ಕಿಟ್ಟರು. ಈಗಿನ ಪೆಡಲ್‌ಗಳೂ ಅದೇ ವಂಶದವು. ಕೆಲವರು ಹೊಡೆದ ಮೇಲೆ ಸುತ್ತಿಗೆಯನ್ನು ಹಿಂದಕ್ಕೆ ಬಿಡದೆ ಚರ್ಮಕ್ಕೇ ಒತ್ತಿ ಹಿಡಿಯುತ್ತಾರೆ. ಆಗ ಸುತ್ತಿಗೆ ಅಲ್ಲೇ ಸಣ್ಣಗೆ ಅದುರುತ್ತದೆ. ನಿಜವಾದ ಡ್ರಮ್ಮಿನಲ್ಲಿ ಈ ಅದುರು ಮೊದಲ ದೊಡ್ಡ ಸದ್ದಿನೊಳಗೇ ಮುಚ್ಚಿಹೋಗುತ್ತದೆ. ಹಾಗಾಗಿ ದಶಕಗಳ ಕಾಲ ಯಾರೂ ಇದನ್ನು ದೋಷ ಎನ್ನಲಿಲ್ಲ.

ವಿದ್ಯುತ್ ಬಂದ ಮೇಲೆ ಲೆಕ್ಕ ಬದಲಾಯಿತು. 1981ರಲ್ಲಿ ಇಂಗ್ಲೆಂಡಿನ ಸಿಮನ್ಸ್ ಕಂಪನಿಯ ಎಸ್‌ಡಿಎಸ್-5 ಬಂತು. ಆರು ಮೂಲೆಯ ಅದರ ಪ್ಯಾಡ್‌ಗಳು ಎಷ್ಟು ಗಟ್ಟಿಯೆಂದರೆ ನುಡಿಸುವವರ ಮಣಿಕಟ್ಟು ನೋಯುತ್ತಿತ್ತು. 1985ರಲ್ಲಿ ಜಪಾನಿನ ರೋಲಂಡ್ ಕಂಪನಿ ಆಕ್ಟಪ್ಯಾಡ್ ತಂದಿತು. ನಮ್ಮ ಆರ್ಕೆಸ್ಟ್ರಾಗಳಲ್ಲಿ ‘ಪ್ಯಾಡ್’ ಎಂದರೆ ಇವತ್ತಿಗೂ ಆ ಕುಟುಂಬದ್ದೇ. 1997ರಲ್ಲಿ ಅದೇ ಕಂಪನಿ ರೆಮೊ ಜೊತೆ ಸೇರಿ ಬಲೆಯಂಥ ಮೆಶ್ ಹೊದಿಕೆ ತಂದಿತು. ಕೈ ನೋವು ಕಡಿಮೆಯಾಯಿತು, ಪುಟಿತ ಜಾಸ್ತಿಯಾಯಿತು.

ಪ್ಯಾಡಿನೊಳಗೆ ಸಾಮಾನ್ಯವಾಗಿ ಇರುವುದು ಬಿಲ್ಲೆಯಂಥ ಒಂದು ಪೀಜೊ. ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳುಗಳ ಈ ಗುಣವನ್ನು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ತೋರಿಸಿಕೊಟ್ಟಿದ್ದರು. ಹೊಡೆತ ಬಿದ್ದಾಗ ಪೀಜೊದಿಂದ ಬರುವುದು ಒಂದು ಅಲೆಯಲ್ಲ, ಏರಿಳಿಯುತ್ತ ಸಣ್ಣದಾಗುವ ಅಲೆಗಳ ಸಾಲು. ಸಾಲಿನ ಅಲೆಯೊಂದು ಗೊತ್ತುಮಾಡಿದ ಗೆರೆ ದಾಟಿದರೆ ಮಾಡ್ಯೂಲ್ ಅದನ್ನು ಹೊಡೆತ ಎಂದು ಎಣಿಸುತ್ತದೆ. ಸುತ್ತಿಗೆ ಮತ್ತೆ ತಾಗಿದರೆ ಇನ್ನೊಂದು ಅಲೆ ಎದ್ದು ಅದೂ ಗೆರೆ ದಾಟಬಹುದು. ಕಿವಿ ಕ್ಷಮಿಸಿದ್ದನ್ನು ಯಂತ್ರ ಕ್ಷಮಿಸುವುದಿಲ್ಲ, ‘ಧಬ್’ ಅನ್ನು ಮೊದಲಿನಿಂದ ಮತ್ತೆ ನುಡಿಸುತ್ತದೆ.

ಇದಕ್ಕೆ ತಯಾರಕರು ಕೊಟ್ಟ ಮದ್ದು ಮುಖ್ಯವಾಗಿ ಮೂರು. ಥ್ರೆಶೋಲ್ಡ್ ಎಂದರೆ ಆ ಗೆರೆಯ ಎತ್ತರ. ಮಾಸ್ಕ್ ಟೈಮ್ ಎಂದರೆ ಒಂದು ಹೊಡೆತದ ನಂತರ ಯಂತ್ರ ಕಿವಿ ಮುಚ್ಚಿಕೊಳ್ಳುವ ಹೊತ್ತು. ರೀಟ್ರಿಗರ್ ಕ್ಯಾನ್ಸಲ್ ಎಂದರೆ ಇಳಿಯುತ್ತಿರುವ ಅಲೆಯಲ್ಲಿ ಮತ್ತೆ ಏಳುವ ಗುಡ್ಡೆಯನ್ನು ಹೊಸ ಹೊಡೆತ ಎನ್ನದಿರುವುದು. ಮೂರಕ್ಕೂ ಬೆಲೆಯಿದೆ. ಗೆರೆ ಏರಿಸಿದರೆ ಮೆಲ್ಲಗೆ ತುಳಿದದ್ದು ಕೇಳುವುದಿಲ್ಲ. ಮಿಕ್ಕ ಎರಡನ್ನು ಏರಿಸಿದರೆ ವೇಗದ ಹೊಡೆತಗಳು ಮಾಯವಾಗುತ್ತವೆ. ನಿಮಿಷಕ್ಕೆ 120 ಬೀಟಿನ ಹಾಡಿನಲ್ಲಿ ಬೀಟಿಗೆ ನಾಲ್ಕರಂತೆ ತುಳಿದರೆ ನಡುವಿನ ಅಂತರ 125 ಮಿಲಿಸೆಕೆಂಡ್. 200 ಬೀಟಾದರೆ 75 ಮಾತ್ರ. ಮಾಸ್ಕ್ ಟೈಮ್ 80ಕ್ಕೆ ಇಟ್ಟರೆ ಮೊದಲ ಹಾಡಿಗೆ ತೊಂದರೆಯಿಲ್ಲ, ಎರಡನೆಯದರಲ್ಲಿ ಹೊಡೆತಗಳೇ ನಾಪತ್ತೆ.

ಆದ್ದರಿಂದ ಅನುಭವಿಗಳು ಬಟನ್ನಿಗೆ ಕೈ ಹಾಕುವ ಮೊದಲು ಕಾಲ ಬಳಿ ನೋಡುತ್ತಾರೆ. ಪೆಡಲಿನ ಹಿಡಿ ಸಡಿಲವೇ? ಸ್ಪ್ರಿಂಗ್ ಸರಿಯಿದೆಯೇ? ಮೆಶ್ ಜೋಲುಬಿದ್ದಿದೆಯೇ? ಒಳಗಿನ ಫೋಮ್ ಸವೆದಿದೆಯೇ? ಕೇಬಲ್ ಅಲುಗಾಡುತ್ತಿದೆಯೇ? ಸುತ್ತಿಗೆಯನ್ನು ಒತ್ತಿ ಹಿಡಿಯದೆ ಹಿಂದಕ್ಕೆ ಬಿಟ್ಟರೆ ಸದ್ದು ಒಂದೇ ಆಗುತ್ತದೆಯೇ? ಇಷ್ಟಾದ ಮೇಲೂ ಹೋಗದಿದ್ದರೆ ಸೆಟ್ಟಿಂಗ್. ಅದನ್ನೂ ಒಂದು ಸಲಕ್ಕೆ ಒಂದೇ, ಸ್ವಲ್ಪ ಸ್ವಲ್ಪವೇ ಬದಲಿಸಬೇಕು.

ಜಗಳದ ಮರುದಿನ ಆ ಹುಡುಗನ ಮನೆಯ ಸಿಮೆಂಟ್ ನೆಲದ ಮೇಲೆ ಅದೇ ಪೆಡಲ್, ಅದೇ ಪ್ಯಾಡ್ ಇಟ್ಟು ನೋಡಿದೆವು. ಒಂದು ತುಳಿತಕ್ಕೆ ಒಂದೇ ಸದ್ದು. ಕೆಳಗೆ ಹಲಗೆ ಹಾಕಿ ಪಕ್ಕದಲ್ಲಿ ಒಬ್ಬರು ಕುಣಿದಾಗ ಎರಡನೇ ಸದ್ದು ಮರಳಿತು. ಪ್ಯಾಡಿನಡಿ ದಪ್ಪ ರಬ್ಬರ್ ಹಾಸಿ, ಪೆಡಲಿನ ಹಿಡಿ ಬಿಗಿ ಮಾಡಿ, ಮಾಸ್ಕ್ ಟೈಮ್ ಒಂದಿಷ್ಟು ಏರಿಸಿದ ಮೇಲೆ ಹೋಯಿತು. ರಾತ್ರಿ ಅವನು ಕೂತಿದ್ದು ಕುಣಿಯುವವರ ಪಕ್ಕದ ಹಲಗೆಯ ಮೇಲೆ. ನೆಲ ನಿಜಕ್ಕೂ ಡೊಂಕಾಗಿತ್ತು.

ಹಬ್ಬದ ಕಮಿಟಿಯವರಲ್ಲಿ, ತಂಡ ಕಟ್ಟುವವರಲ್ಲಿ ನಮ್ಮದು ಒಂದೇ ಮನವಿ. ಗಾಯಕರ ಮೈಕಿಗೆ ‘ಹಲೋ ಚೆಕ್’ ಹೇಳಲು ಕೊಡುವ ಹೊತ್ತಿನಲ್ಲಿ ಹತ್ತು ನಿಮಿಷ ರಿದಂ ಹುಡುಗರಿಗೂ ಕೊಡಿ. ಅವರ ಕೂಲಿ ಆ ಹತ್ತು ನಿಮಿಷದ ಮೇಲೆ ನಿಂತಿರುತ್ತದೆ.